ಖಾಲಿ ಮಂಚಗಳ ವಾರ್ಡು

ಇನ್‌ಕ್ಯುಬೇಟರಿನಿಂದ ತಟ್ಟೆಯನ್ನು ತೆಗೆದು ಬೆಳಕಿಗೆ ಹಿಡಿದಾಗ, ನಾನೇ ಎಲ್ಲೋ ತಪ್ಪು ಮಾಡಿದ್ದೇನೆ ಅಂದುಕೊಂಡೆ. ಗಾಯದ ಕೀವಿನಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ತಟ್ಟೆಯ ತುಂಬ ತೆಳ್ಳಗೆ ಸವರಿ, ಅದರ ಮೇಲೆ ಒಂದೊಂದು ಆಂಟಿಬಯೋಟಿಕ್ ಹೀರಿಸಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ತಿಳಿಯಾದ ಒಂದು ಉಂಗುರ ಉಳಿಯುತ್ತದೆ. ಆ ಉಂಗುರದ ಅಗಲ ಅಳೆದು, ಯಾವ ಔಷಧ ನಡೆಯುತ್ತದೆ ಎಂದು ವಾರ್ಡಿಗೆ ತಿಳಿಸುವುದು ನನ್ನ ಕೆಲಸ. ಈ ತಟ್ಟೆಯಲ್ಲಿ ಅಳೆಯಲು ಏನೂ ಇರಲಿಲ್ಲ. ಬ್ಯಾಕ್ಟೀರಿಯಾ ಬಿಲ್ಲೆಗಳ ಅಂಚಿಗೇ ಅಂಟಿಕೊಂಡು ಹುಲುಸಾಗಿ ಬೆಳೆದಿತ್ತು.

ಕೊಪ್ಪಳದ ಬೇಸಿಗೆಯಲ್ಲಿ ಕರೆಂಟು ಹೋಗಿ ಫ್ರಿಜ್ ಬೆಚ್ಚಗಾದರೆ ಬಿಲ್ಲೆಗಳು ಕೆಡುವುದುಂಟು. ಹೊಸ ಡಬ್ಬಿ ಒಡೆದು ಮತ್ತೆ ಹಚ್ಚಿದೆ. ಪಕ್ಕದಲ್ಲಿ, ಯಾವ ಔಷಧಕ್ಕೆ ಎಷ್ಟು ಮಣಿಯುತ್ತದೆ ಎಂದು ಮೊದಲೇ ಗೊತ್ತಿರುವ ಬ್ಯಾಕ್ಟೀರಿಯಾದ ಒಂದು ತಟ್ಟೆಯನ್ನೂ ಇಟ್ಟೆ. ಮರುದಿನ ಆ ತಟ್ಟೆಯಲ್ಲಿ ಉಂಗುರಗಳು ಸರಿಯಾಗಿಯೇ ಬಂದಿದ್ದವು. ರೋಗಿಯ ತಟ್ಟೆ ಮೊದಲಿನ ಹಾಗೇ ಇತ್ತು. ಅಂದರೆ ತಪ್ಪು ನನ್ನದಲ್ಲ. ತಪ್ಪು ನನ್ನದೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಗ ಅನ್ನಿಸಿತು.

ಅದು ಅಸಿನೆಟೊಬ್ಯಾಕ್ಟರ್. ಮಣ್ಣಿನಲ್ಲಿ, ನೀರಿನಲ್ಲಿ ಇರುವ ಸಾಧಾರಣ ಜೀವಿ, ಆರೋಗ್ಯವಂತರನ್ನು ಅಷ್ಟಾಗಿ ಕಾಡುವುದಿಲ್ಲ. ಆಸ್ಪತ್ರೆಯೊಳಗೆ ಸೇರಿಕೊಂಡರೆ ಮಾತ್ರ ಅದರ ವರಸೆಯೇ ಬೇರೆ. ಒಣಗಿದ ಮಂಚದ ಸರಳಿನ ಮೇಲೂ ವಾರಗಟ್ಟಲೆ ಬದುಕಿರುತ್ತದೆ. ನಾವು ಬಳಸುವ ಒಂದೊಂದೇ ಔಷಧವನ್ನು ತಡೆದುಕೊಳ್ಳುವುದನ್ನು ಕಲಿಯುತ್ತದೆ. ಚರ್ಮ ಕಳೆದುಕೊಂಡ ಮೈ ಸಿಕ್ಕರೆ ಅದಕ್ಕೆ ಬೇರೇನೂ ಬೇಡ.

ಅಂಥ ಮೈ ನಮ್ಮ ಸುಟ್ಟಗಾಯಗಳ ವಾರ್ಡಿನಲ್ಲಿ ಬೇಕಾದಷ್ಟಿದ್ದವು. ಈ ತಟ್ಟೆಯ ಕೀವು ಗಿಣಿಗೇರಾದ ಒಬ್ಬ ಕಾರ್ಮಿಕನದು. ಕಬ್ಬಿಣದ ಕಾರ್ಖಾನೆಯೊಂದರಲ್ಲಿ ಕಾದ ಲೋಹ ಸಿಡಿದು ಎರಡೂ ಕಾಲು, ಒಂದು ತೋಳು ಸುಟ್ಟಿದ್ದವು. ವಯಸ್ಸು ಮೂವತ್ತರ ಆಸುಪಾಸು. ಬಂದ ಮೊದಲ ವಾರ ಚೇತರಿಸಿಕೊಳ್ಳುತ್ತಿದ್ದ. ಆಮೇಲೆ ಜ್ವರ ಏರಿತು, ಗಾಯದ ಮೇಲೆ ಬೂದು ಬಣ್ಣದ ಪೊರೆ ಕಟ್ಟಿತು.

ನಾನು ವರದಿ ಹಿಡಿದುಕೊಂಡು ವಾರ್ಡಿಗೆ ಹೋದೆ. ಸರ್ಜನ್ ಬಾಗಿಲಲ್ಲೇ ಸಿಕ್ಕರು. ನಮ್ಮ ಕಡೆಯವರೇ, ಒರಟು ಮಾತಿನವರು, ಕೈ ಮಾತ್ರ ಬಹಳ ನಾಜೂಕು.

“ಯಾವ ಔಷಧ ಕೊಡ್ಲಿ, ಅಷ್ಟ ಹೇಳ್ರಿ ಮೇಡಂ.”

“ಯಾವ್ದೂ ನಡಿಯಂಗಿಲ್ಲ ಸರ್. ಕೊಲಿಸ್ಟಿನ್ ಒಂದು ಉಳದೈತಿ. ಅದೂ ನಡೀತದೋ ಇಲ್ಲೋ ನಮ್ಮ ಬಿಲ್ಲೆಯಿಂದ ತಿಳಿಯಂಗಿಲ್ಲ. ಹುಬ್ಬಳ್ಳಿ ಲ್ಯಾಬಿಗೆ ಕಳಸಬೇಕು.”

“ಅಲ್ಲಿತನಕ?”

“ಅಲ್ಲಿತನಕ ಕೊಟ್ಟು ನೋಡ್ರಿ. ಆದ್ರ ಕಿಡ್ನಿ ಮ್ಯಾಲ ಕಣ್ಣಿರ್ಲಿ.”

ಅವರು ವರದಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. “ಸುಟ್ಟಿದ್ದು ಒಂದು ಕಡೆ, ಈಗ ಕಿಡ್ನೀನೂ ಸುಡಬೇಕು ಅಂತೀರಿ” ಎಂದು ಹೇಳಿ ಒಳಗೆ ಹೋದರು.

ಅದೇ ವಾರ ಇನ್ನೊಂದು ತಟ್ಟೆಯಲ್ಲೂ ಅದೇ ಬೆಳೆಯಿತು. ಆಮೇಲೆ ಮತ್ತೊಂದರಲ್ಲಿ. ಒಬ್ಬನ ಗಾಯದಲ್ಲಿ ಕಂಡರೆ ದುರದೃಷ್ಟ ಎನ್ನಬಹುದು. ಮಂಚದಿಂದ ಮಂಚಕ್ಕೆ ಹೋಗುತ್ತಿದ್ದರೆ ಅದನ್ನು ಯಾವುದೋ ಹೊತ್ತೊಯ್ಯುತ್ತಿದೆ ಎಂದೇ ಅರ್ಥ. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೈಕ್ರೋಸ್ಕೋಪಿನ ಮುಂದೆ ಕೂತರೆ ವಾರ್ಡಿನ ಯೋಚನೆ, ವಾರ್ಡಿಗೆ ಹೋದರೆ ಇನ್‌ಕ್ಯುಬೇಟರಿನ ಯೋಚನೆ. ಎರಡರ ನಡುವಿನ ಓಣಿಯಲ್ಲಿ ದಿನಕ್ಕೆ ಎಷ್ಟು ಸಲ ಓಡಾಡುತ್ತಿದ್ದೆನೋ, ಲೆಕ್ಕವಿಲ್ಲ. ತರಿಸಿದ ಚಹಾ ಕೆನೆಗಟ್ಟಿ ತಣ್ಣಗಾಗುತ್ತಿತ್ತು.

ಹುಡುಕಾಟ ಶುರು ಮಾಡಿದೆ. ಹತ್ತಿ ಸುತ್ತಿದ ಕಡ್ಡಿಯನ್ನು ಶುದ್ಧ ಸಲೈನಿನಲ್ಲಿ ಅದ್ದಿ ಮಂಚದ ಸರಳು, ನಲ್ಲಿಯ ಬಾಯಿ, ಕೈ ತೊಳೆಯುವ ತೊಟ್ಟಿಯ ತೂತು, ಡ್ರೆಸ್ಸಿಂಗ್ ಗಾಡಿ, ಮುಲಾಮಿನ ಡಬ್ಬಿ, ಸರ್ಜನ್ನರ ಸ್ಟೆತೊಸ್ಕೋಪು, ಕೂಲರಿನ ನೀರು, ಎಲ್ಲ ಕಡೆ ಒರೆಸಿ ತಂದೆ. ಗಾಯ ತೊಳೆಯುವ ಟ್ರಾಲಿಯನ್ನೂ ಬಿಡಲಿಲ್ಲ. ರೋಗಿಯನ್ನು ಮಲಗಿಸಿ ನೀರು ಹಾಯಿಸುವ ಸ್ಟೀಲಿನ ಟ್ರಾಲಿ ಅದು, ಮೇಲೆ ರೆಕ್ಸಿನ್ ಹೊದಿಸಿದ ಮೆತ್ತೆ. ಬೆಳಿಗ್ಗೆ ಎಲ್ಲವನ್ನೂ ಕ್ರಿಮಿನಾಶಕ ಹಾಕಿ ಒರೆಸಿದ ಮೇಲೆ ಹೋಗಿ ಮಾದರಿ ತೆಗೆದೆ. ವಾರ್ಡು ಆಗ ಚೊಕ್ಕಟವಾಗಿರುತ್ತಿತ್ತು, ಯಾರಿಗೂ ತೊಂದರೆಯಾಗುತ್ತಿರಲಿಲ್ಲ. ಆ ಹೊತ್ತಿಗೇ ಯಾಕೆ ಹೋದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಏನೂ ಬೆಳೆಯಲಿಲ್ಲ. ತಟ್ಟೆಗಳೆಲ್ಲ ಬರಿದು.

ಇನ್ನು ಕೈಗಳಷ್ಟೇ ಉಳಿದಿದ್ದವು. ವಾರ್ಡಿನ ಎಲ್ಲರಿಗೂ, ಸರ್ಜನ್ನರಿಗೂ, ಬೆರಳ ತುದಿಗಳನ್ನು ತಟ್ಟೆಯ ಮೇಲೆ ಒತ್ತಲು ಹೇಳಿದೆ. ಅವುಗಳಲ್ಲಿ ಒಂದೇ ತಟ್ಟೆಯಲ್ಲಿ ಬೆರಳಿನ ಗುರುತುಗಳುದ್ದಕ್ಕೂ ಅದೇ ಬ್ಯಾಕ್ಟೀರಿಯಾ ಎದ್ದಿತ್ತು. ಅದು ಕುಷ್ಟಗಿ ಕಡೆಯ ಒಬ್ಬ ನರ್ಸಿನ ಕೈ. ವಾರ್ಡಿನ ಹೆಚ್ಚಿನ ಡ್ರೆಸ್ಸಿಂಗುಗಳನ್ನೆಲ್ಲ ಮಾಡುತ್ತಿದ್ದವಳು ಅವಳೇ. ರೋಗಿಗಳು ಅವಳನ್ನೇ ಕೇಳುತ್ತಿದ್ದರು, ಅಂಟಿದ ಬ್ಯಾಂಡೇಜನ್ನು ಅಷ್ಟು ಹಗುರವಾಗಿ ಬಿಡಿಸುವುದು ಬೇರೆ ಯಾರಿಗೂ ಬರುತ್ತಿರಲಿಲ್ಲ.

ಒಬ್ಬರ ಕೈಯಲ್ಲಿ ಸಿಕ್ಕಿದೆ ಎಂಬ ಸುದ್ದಿ ನಾನು ಹೇಳುವ ಮುಂಚೆಯೇ ಆಡಳಿತಾಧಿಕಾರಿಯ ಕೋಣೆ ತಲುಪಿತ್ತು. ಅವರು ಕರೆಸಿದರು.

“ಯಾರ ಕೈ ಅದು? ಹೆಸರು ಹೇಳ್ರಿ, ಇವತ್ತ ಮನಿಗೆ ಕಳಸ್ತೀನಿ. ವಿಷಯ ಮುಗೀತದ.”

“ಮುಗಿಯಂಗಿಲ್ಲ ಸರ್. ದಿನಾ ಅವೇ ಗಾಯ ಮುಟ್ಟೋ ಕೈಗೆ ಹತ್ತದ ಇರ್ತದೇನ್ರಿ? ಆ ಕೈಗೆ ಎಲ್ಲಿಂದ ಬಂತು ಅನ್ನೋದು ಗೊತ್ತಾಗಬೇಕು. ಹೆಸರು ಹೇಳಿದ್ರ ಯಾರೂ ಮುಂದ ಹುಡುಕಂಗಿಲ್ಲ.”

“ಅಂದ್ರ ಹೇಳಂಗಿಲ್ಲ?”

“ಇಲ್ರಿ.”

“ಇನ್ನೊಂದು ಕೇಸ್ ಆದ್ರ ಜವಾಬ್ದಾರಿ ನಿಮ್ದು” ಎಂದರು. ಹೊರಗೆ ಬಂದು ಲ್ಯಾಬಿಗೆ ನಡೆದೆ. ಸರಿಯಾದ್ದನ್ನೇ ಮಾಡಿದ್ದೇನೆ ಎಂಬ ಧೈರ್ಯ ನನಗಿರಲಿಲ್ಲ.

ವಾರ್ಡನ್ನು ತೊಳೆದರು, ಗೋಡೆಗಳಿಗೆ ಸುಣ್ಣ ಬಳಿದರು. ಕಟುವಾಸನೆಯ ಹೊಗೆ ಹಾಕಿ ಬಾಗಿಲು ಮುಚ್ಚಿ ತೆಗೆದರು. ನಾಲ್ಕು ದಿನ ಎಲ್ಲ ಸುಮ್ಮನಿತ್ತು. ಆಮೇಲೆ ಯಲಬುರ್ಗಾದ ಹೆಂಗಸೊಬ್ಬಳ ರಕ್ತದಲ್ಲಿ ಅದು ಕಾಣಿಸಿಕೊಂಡಿತು. ಕುದಿಯುವ ಎಣ್ಣೆ ಬಿದ್ದು ಎದೆ, ಹೊಟ್ಟೆ ಸುಟ್ಟುಕೊಂಡು ಬಂದಿದ್ದವಳು. ಗಾಯದಲ್ಲಿರುವುದೇ ಬೇರೆ, ರಕ್ತಕ್ಕೆ ಇಳಿಯುವುದೇ ಬೇರೆ. ಕೊಲಿಸ್ಟಿನ್ ಶುರು ಮಾಡಿದರು. ಎರಡನೆಯ ದಿನ ಮಧ್ಯಾಹ್ನ ಅವಳು ತೀರಿಕೊಂಡಳು. ಅವಳ ರಕ್ತವನ್ನು ಬೆಳೆಯಲು ಇಟ್ಟ ಬಾಟಲಿಯಿಂದ ತೆಗೆದು, ಯಾವ ಔಷಧ ನಡೆಯುತ್ತದೆಂದು ನೋಡಲು ಹಚ್ಚಿದ ತಟ್ಟೆ ಆಗಿನ್ನೂ ನನ್ನ ಇನ್‌ಕ್ಯುಬೇಟರಿನಲ್ಲಿತ್ತು. ಸತ್ತವಳ ವರದಿಯನ್ನು ಮರುದಿನ ಬರೆದು ಸಹಿ ಮಾಡಿದೆ.

ಆ ದಿನ ಕುಷ್ಟಗಿಯ ನರ್ಸು ಲ್ಯಾಬಿನ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ.

“ಮೇಡಂ, ಆ ಕೈ ನಂದೇನ್ರಿ?”

ಸುಳ್ಳು ಹೇಳಬಹುದಿತ್ತು. “ಹೌದು” ಎಂದೆ.

ಅವಳು ಎರಡೂ ಅಂಗೈ ನನ್ನ ಮುಂದೆ ಹಿಡಿದಳು. ಸೋಪು, ಸ್ಪಿರಿಟ್ಟು ಹಾಕಿ ಉಜ್ಜಿ ಉಜ್ಜಿ ಬೆರಳ ಗೆಣ್ಣುಗಳು ಬಿರಿದು ರಕ್ತ ಒಸರುತ್ತಿತ್ತು. “ಯಾರೂ ಹೇಳಿದ್ದಿಲ್ಲ. ನನಗ ಅನಿಸಿತ್ತು. ಮನ್ಯಾಗ ಮಂದಿಗೆ ಊಟಕ್ಕ ನೀಡೋದೂ ಬಿಟ್ಟೀನಿ. ಆ ಯಲಬುರ್ಗಾದ ಅಕ್ಕಗ ದಿನಾ ನಾನ ಡ್ರೆಸ್ಸಿಂಗ್ ಮಾಡ್ತಿದ್ದೆ. ನಾನ ಕೊಂದೆ ಏನ್ರಿ?”

ಹಾಗಲ್ಲ ಎಂದು ವಿವರಿಸತೊಡಗಿದೆ. ಕೈಗೆ ಬೇರೆಲ್ಲಿಂದಲೋ ಬಂದಿದೆ, ಬಿರಿದ ಚರ್ಮದಲ್ಲಿ ಅದು ಇನ್ನಷ್ಟು ಉಳಿಯುತ್ತದೆ, ಅಷ್ಟು ಉಜ್ಜಬೇಡ ಅಂದೆ. ಅವಳು ಕೇಳಿಸಿಕೊಂಡಳು. ನನ್ನ ಮಾತು ಅವಳ ಪ್ರಶ್ನೆಗೆ ಉತ್ತರವಾಗಿರಲಿಲ್ಲ ಎಂಬುದು ನನಗೂ ಗೊತ್ತಿತ್ತು.

“ಒಂದು ಕೆಲಸ ಮಾಡ್ರಿ ಮೇಡಂ. ನಾ ಡ್ರೆಸ್ಸಿಂಗ್ ಮಾಡುವಾಗ ಬಂದು ನಿಂದರ್ರಿ. ಕಡ್ಡಿ, ತಟ್ಟಿ ಏನೂ ತರಬ್ಯಾಡ್ರಿ, ಸುಮ್ನ ನೋಡ್ರಿ. ಎಲ್ಲಿ ತಪ್ಪಾಕತ್ತೀನಿ ಹೇಳ್ರಿ. ಇಲ್ಲಾಂದ್ರ ನಾ ಈ ಕೆಲಸ ಬಿಡ್ತೀನಿ.”

ಮರುದಿನ ಗೌನು, ಮಾಸ್ಕು ಹಾಕಿಕೊಂಡು ಡ್ರೆಸ್ಸಿಂಗ್ ಕೋಣೆಯ ಮೂಲೆಯಲ್ಲಿ ನಿಂತೆ. ಫ್ಯಾನು ಹಾಕುವಂತಿಲ್ಲ. ಬೆವರು ಕಣ್ಣಿಗಿಳಿಯುತ್ತಿತ್ತು. ಮೊದಲು ಬಂದವನು ಗಿಣಿಗೇರಾದವನು. ಟ್ರಾಲಿಯ ಮೇಲೆ ಮಲಗಿಸಿ ಬ್ಯಾಂಡೇಜುಗಳನ್ನು ನೀರಿನಲ್ಲಿ ನೆನೆಸಿ ಬಿಡಿಸುತ್ತ ಹೋದಳು. ನೋವು ತಡೆಯಲಾರದೆ ಅವನು ಹಲ್ಲು ಕಚ್ಚಿ, “ಜಲ್ದಿ ಮುಗಸ್ರಿ ಅಕ್ಕಾರ, ಜಲ್ದಿ” ಅನ್ನುತ್ತಿದ್ದ. ಅವಳು ಕೈಗವಸು ಬದಲಿಸಿದಳು, ನೀರಿನ ಪೈಪನ್ನು ನೆಲಕ್ಕೆ ತಾಗಿಸಲಿಲ್ಲ, ಬಳಸಿದ ಬಟ್ಟೆಯನ್ನು ಬೇರೆ ಹಾಕಿದಳು. ತಪ್ಪು ಹುಡುಕುತ್ತ ನಿಂತ ನನಗೆ ಒಂದೂ ಸಿಗಲಿಲ್ಲ. ಮುಗಿದ ಮೇಲೆ ಮೆತ್ತೆಯ ಮೇಲೆ ಕ್ರಿಮಿನಾಶಕ ಹಾಕಿ, ಅದು ಕೆಲಸ ಮಾಡುವಷ್ಟು ಹೊತ್ತು ಬಿಟ್ಟು ಒರೆಸಿದಳು. ರೆಕ್ಸಿನ್ ಒಣಗಿ ಹೊಳೆಯುತ್ತಿತ್ತು.

ಮುಂದಿನ ರೋಗಿ ಬಂದ, ದಪ್ಪ ಮನುಷ್ಯ. ಅವನನ್ನು ಎತ್ತಿ ಮೆತ್ತೆಯ ಮೇಲೆ ಇಳಿಸಿದರು. ಇನ್ನೂ ನಲ್ಲಿ ತಿರುಗಿಸಿರಲಿಲ್ಲ. ಆದರೂ ಅವನ ಬೆನ್ನ ಕೆಳಗೆ, ರೆಕ್ಸಿನ್ನಿನ ಅಂಚಿನಲ್ಲಿ ತೆಳ್ಳಗೆ ನೀರು ಹರಿಯಿತು.

“ಒಂದು ಮಿನಿಟ್ ನಿಂದರ್ರಿ” ಎಂದೆ.

ಅವನನ್ನು ಎತ್ತಿಸಿ ಮಂಚಕ್ಕೆ ಕಳಿಸಿದೆ. ಮೆತ್ತೆಯ ಮೇಲೆ ಎರಡೂ ಕೈ ಊರಿ ಭಾರ ಹಾಕಿದೆ. ಹೊಲಿಗೆಯ ಉದ್ದಕ್ಕೂ ಕಂದು ಬಣ್ಣದ ನೀರು ಉಕ್ಕಿ ಬಂತು. ಕೈ ತೆಗೆದರೆ ಒಳಕ್ಕೆ ಹೀರಿಕೊಂಡಿತು. ಕತ್ತರಿ ತರಿಸಿ ರೆಕ್ಸಿನ್ ಸೀಳಿದೆ. ಒಳಗಿನ ಸ್ಪಂಜು ಕಪ್ಪಾಗಿ ಕೊಳೆತು ನಾರುತ್ತಿತ್ತು. ಎಲ್ಲ ರೋಗಿಗಳ ಗಾಯ ತೊಳೆದ ನೀರು ಹೊಲಿಗೆಯ ತೂತುಗಳಿಂದ ಇಳಿದು ಅಲ್ಲಿ ಸೇರಿಕೊಂಡಿತ್ತು. ನಾವು ಮೇಲಿನ ರೆಕ್ಸಿನ್ ಒರೆಸುತ್ತಿದ್ದೆವು, ನಾನೂ ಒರೆಸಿ ಒಣಗಿದ ರೆಕ್ಸಿನ್ನಿನಿಂದಲೇ ಮಾದರಿ ತೆಗೆದಿದ್ದೆ. ಮುಂದಿನ ರೋಗಿ ಮಲಗಿದೊಡನೆ ಅವನ ಭಾರಕ್ಕೆ ಒಳಗಿನ ನೀರು ಹೊರಬಂದು ಅವನ ಹಸಿ ಗಾಯಕ್ಕೂ, ಅವನನ್ನು ಹಿಡಿದವರ ತೋಳಿಗೂ ತಾಗುತ್ತಿತ್ತು.

ನರ್ಸು ಗೋಡೆಗೆ ಒರಗಿ ನಿಂತಿದ್ದಳು.

ಸ್ಪಂಜಿನ ತುಂಡಿನಿಂದ ಹಚ್ಚಿದ ತಟ್ಟೆ ಮರುದಿನ ಬೆಳಿಗ್ಗೆ ತುಂಬಿ ಬೆಳೆದಿತ್ತು. ಮತ್ತೊಂದು ದಿನ ಕಾಯ್ದು ಬಿಲ್ಲೆ ಹಚ್ಚಿ ನೋಡಿದರೆ ಒಂದೂ ಉಂಗುರವಿಲ್ಲ.

ಎಲ್ಲರಿಗೂ ನಿರಾಳವಾಯಿತು. ಮೆತ್ತೆ ಸುಟ್ಟರು, ಸ್ಟೀಲಿನ ಟ್ರಾಲಿಯನ್ನು ಬರಿದಾಗಿಯೇ ಬಳಸುವುದೆಂದು ತೀರ್ಮಾನವಾಯಿತು, ಇನ್ನು ಕೆಲಸ ಮೊದಲಿನಂತೆ ನಡೆಯಲಿ ಎಂದರು. ನನ್ನ ಚಡಪಡಿಕೆ ಮಾತ್ರ ಇಳಿಯಲಿಲ್ಲ. ಮೆತ್ತೆ ಹೋಯಿತು, ಆದರೆ ವಾರ್ಡಿನಲ್ಲಿ ಉಳಿದ ಎಲ್ಲರ ಗಾಯದಲ್ಲೂ ಈಗ ಅದೇ ಬ್ಯಾಕ್ಟೀರಿಯಾ ಇದೆ. ಅವರ ಹಾಸಿಗೆ, ಅವರನ್ನು ಮುಟ್ಟುವ ಕೈ, ಎಲ್ಲ ಒಂದೇ. ಆ ಮಧ್ಯೆ ಹೊಸದಾಗಿ ಸುಟ್ಟುಕೊಂಡವರನ್ನು ತಂದು ಮಲಗಿಸಿದರೆ ಮತ್ತೆ ಅದೇ ಶುರು. ಇರುವವರು ವಾಸಿಯಾಗಿ ಹೋಗುವವರೆಗೆ, ಬರಿದಾದ ವಾರ್ಡನ್ನು ಮತ್ತೆ ಪರೀಕ್ಷಿಸುವವರೆಗೆ ಹೊಸ ರೋಗಿಗಳನ್ನು ತೆಗೆದುಕೊಳ್ಳಬಾರದು ಎಂದು ಸೋಂಕು ನಿಯಂತ್ರಣ ಸಮಿತಿಯ ಸಭೆಯಲ್ಲಿ ಹೇಳಿದೆ.

ಸರ್ಜನ್ ಸಿಟ್ಟಿಗೆದ್ದರು. “ಎಲ್ಲಿಗೆ ಕಳಸ್ಲಿ? ಹುಬ್ಬಳ್ಳಿ ಇಲ್ಲೇ ಪಕ್ಕದ ಓಣ್ಯಾಗ ಐತೇನು? ದಾರ್ಯಾಗ ಸತ್ರ?”

“ಇಲ್ಲಿ ಒಳಗ ಬಂದು ಸತ್ರ ಸರ್?”

ಆಡಳಿತಾಧಿಕಾರಿ ಸರ್ಜನ್ನರ ಮುಖ ನೋಡಿದರು. ಸರ್ಜನ್ ಮೇಜಿನ ಮೇಲೆ ಬೆರಳು ಬಡಿಯುತ್ತ, “ಎಮರ್ಜೆನ್ಸ್ಯಾಗ ಇಟ್ಕೊಂಡು ಸಲೈನ್ ಹಾಕಿ ಗಟ್ಟಿ ಮಾಡಿ ಕಳಸೋಣು. ಆದ್ರ ಮಂದಿಗೆ ತಿಳಿಸಿ ಹೇಳೋರು ನೀವ. ನನ್ನ ಕೈಲಿ ಆಗಂಗಿಲ್ಲ” ಎಂದರು. ಒಪ್ಪಿಕೊಂಡೆ.

ಲ್ಯಾಬಿನವಳಿಗೆ ರೋಗಿಯ ಮನೆಯವರ ಎದುರು ನಿಂತು ಅಭ್ಯಾಸವಿಲ್ಲ. ನಾನು ನೋಡುವುದು ಸೀಸೆಗಳನ್ನು, ತಟ್ಟೆಗಳನ್ನು. ಆ ವಾರವೇ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಭತ್ತ ಬೇಯಿಸುವ ಹಬೆಯ ಪೈಪು ಒಡೆದು, ಬೆನ್ನು, ಕತ್ತು ಬೆಂದ ಒಬ್ಬ ಹೆಂಗಸನ್ನು ಕರೆತಂದರು. ಕೂಲಿಗೆ ಹೋಗುತ್ತಿದ್ದವಳು. ಜೊತೆಯಲ್ಲಿ ಬಂದಿದ್ದ ಅವಳ ಅಣ್ಣ ವಾರ್ಡಿನ ಕಿಟಕಿಯಿಂದ ಒಳಗೆ ಇಣುಕಿದ್ದ.

“ಖಾಲಿ ಮಂಚ ಅದಾವಲ್ರೀ! ನನ್ನ ಕಣ್ಣಿಗೆ ಕಾಣಾಕತ್ತಾವ. ಬಡವ್ರಂತ ಹೊರಗ ಹಾಕ್ತೀರೇನು?”

“ಹಂಗಲ್ಲ ಅಣ್ಣಾರ. ಈ ವಾರ್ಡಿನ್ಯಾಗ ಒಂದು ಕೆಟ್ಟ ಸೋಂಕು ಸೇರೈತಿ. ಔಷಧಕ್ಕ ಬಗ್ಗಂಗಿಲ್ಲ. ನಿಮ್ಮ ತಂಗಿ ಗಾಯ ಈಗ ಸ್ವಚ್ಛ ಐತಿ. ಇಲ್ಲಿ ಮಲಗಿಸಿದ್ರ ಆಕಿಗೂ ಹತ್ತತೈತಿ.”

“ದವಾಖಾನ್ಯಾಗ ರೋಗ ಇರ್ತದಂತ ದವಾಖಾನಿ ಬಂದ್ ಮಾಡ್ತಾರೇನ್ರಿ? ನಿಮ್ಮ ತಂಗಿ ಆಗಿದ್ರ ಕಳಸ್ತಿದ್ರೇನು?”

“ಕಳಸ್ತಿದ್ದೆ.”

ಅವನು ನಂಬಲಿಲ್ಲ. ಎಮರ್ಜೆನ್ಸಿಯೊಳಗೆ ಅವಳು ನರಳುವುದು ಕೇಳುತ್ತಿತ್ತು. ಸರ್ಜನ್ ಸ್ವತಃ ಬಂದು ಸಲೈನ್ ಹಾಕಿ, ನೋವಿಗೆ ಇಂಜೆಕ್ಷನ್ ಕೊಟ್ಟು, ಮೂತ್ರ ಸರಿಯಾಗಿ ಬರುವುದನ್ನು ನೋಡಿಯೇ ಎದ್ದರು. ಬಳ್ಳಾರಿಗೆ ಕಳಿಸೋಣವೆಂದರೆ ಅಂದು ಹುಣ್ಣಿಮೆ, ಹುಲಿಗಿಯ ಅಮ್ಮನ ಗುಡಿಗೆ ಬರುವ ಜನ, ಗಾಡಿಗಳಿಂದ ಆ ರಸ್ತೆ ಕಟ್ಟಿಹೋಗಿರುತ್ತದೆ. ಗದಗಿನ ಮೇಲೆ ಹುಬ್ಬಳ್ಳಿಗೇ ಹೋಗಲೆಂದು ಅಲ್ಲಿನ ಡಾಕ್ಟರಿಗೆ ಫೋನು ಮಾಡಿ ಮಂಚ ಖಾತ್ರಿ ಮಾಡಿಕೊಂಡರು. ಕುಷ್ಟಗಿಯ ನರ್ಸು ಜೊತೆಗೆ ಹೋಗುತ್ತೇನೆಂದಳು. ಅವಳು ವಾರ್ಡಿನಿಂದ ರಜೆಯಲ್ಲಿದ್ದಳು, ಬೆರಳುಗಳು ಮಾಗಿದ್ದವು, ಕೈಯ ತಟ್ಟೆ ಬರಿದಾಗಿತ್ತು. ಆಂಬುಲೆನ್ಸ್ ಹೊರಟಿತು. ಅಣ್ಣ ಹತ್ತುವ ಮುಂಚೆ ನನ್ನ ಕಡೆ ತಿರುಗಿ, “ಆಕಿಗೆ ಏನರ ಆದ್ರ ನಿಮ್ಮನ್ನ ಬಿಡಂಗಿಲ್ಲ” ಎಂದ.

ಆ ಮಧ್ಯಾಹ್ನ ನಾನು ಏನು ಮಾಡಿದೆನೋ ನೆನಪಿಲ್ಲ. ತೊಳೆದಿಟ್ಟಿದ್ದ ಗಾಜಿನ ನಳಿಕೆಗಳನ್ನೇ ಮತ್ತೆ ತೊಳೆದೆ. ಫೋನು ಬಡಿದಾಗಲೆಲ್ಲ ಓಡಿಹೋಗಿ ಎತ್ತುತ್ತಿದ್ದೆ. ಸಂಜೆ ನರ್ಸು ಫೋನು ಮಾಡಿ, “ಮುಟ್ಟಿಸೀನ್ರಿ. ಮಾತಾಡಾಕತ್ತಾಳ, ಛಲೋ ಅದಾಳ” ಎಂದಳು. ಆಗ ಕುರ್ಚಿಯಲ್ಲಿ ಕೂತೆ. ಆ ಹೆಂಗಸು ಕೆಲವು ವಾರಗಳ ಮೇಲೆ ಮನೆಗೆ ಹೋದಳೆಂದು ಹುಬ್ಬಳ್ಳಿಯ ಡಾಕ್ಟರು ತಿಳಿಸಿದರು. ಅಣ್ಣ ನನ್ನ ಫೋನು ಎತ್ತಲಿಲ್ಲ. ಎತ್ತಬೇಕೆಂದೇನೂ ಇಲ್ಲ.

ವಾರ್ಡು ಒಂದೊಂದೇ ಮಂಚ ಖಾಲಿಯಾಗುತ್ತ ಬಂತು. ಕೊನೆಗೆ ಉಳಿದವನು ಗಿಣಿಗೇರಾದವನು. ಹುಬ್ಬಳ್ಳಿಯಿಂದ ಬಂದ ವರದಿ ಕೊಲಿಸ್ಟಿನ್ ನಡೆಯುತ್ತದೆ ಎಂದಿತ್ತು, ನಡೆಯಿತೂ. ಆದರೆ ಕಿಡ್ನಿಯ ಪರೀಕ್ಷೆ ದಿನೇ ದಿನೇ ಕೆಡುತ್ತಿತ್ತು. ನಾನು ಮೇಲಿಂದ ಮೇಲೆ ಅವನ ರಕ್ತ ತರಿಸಿ ಹಚ್ಚಿ ನೋಡಿದೆ, ಒಮ್ಮೆಯೂ ಏನೂ ಬೆಳೆಯಲಿಲ್ಲ. ರಕ್ತಕ್ಕೆ ಇಳಿದಿಲ್ಲ, ಗಾಯದಲ್ಲಿ ಮಾತ್ರ ಇದೆ ಎಂದು ಖಚಿತವಾದ ಮೇಲೆ ಸರ್ಜನ್ ಔಷಧ ನಿಲ್ಲಿಸಿ, ಸತ್ತ ಚರ್ಮವನ್ನೆಲ್ಲ ಕತ್ತರಿಸಿ ತೆಗೆದು, ಸುಡದೆ ಉಳಿದಿದ್ದ ತೊಡೆಯ ಚರ್ಮ ತಂದು ಹೊದಿಸಿದರು. ಒಂದು ಕಡೆ ಹಿಡಿಯಲಿಲ್ಲ, ಮತ್ತೆ ಮಾಡಿದರು. ಕಿಡ್ನಿ ನಿಧಾನವಾಗಿ ಸುಧಾರಿಸಿತು, ಪೂರ್ತಿ ಅಲ್ಲ. ಎಡ ಮೊಣಕಾಲು ಇನ್ನು ಮೊದಲಿನಂತೆ ಬಾಗುವುದಿಲ್ಲ. ಭಟ್ಟಿಯ ಕೆಲಸಕ್ಕೆ ಅವನು ಹಿಂದಿರುಗಲಾರ.

ಮನೆಗೆ ಕಳಿಸುವ ಮುಂಚೆ ಅವನ ಕಂಕುಳು, ತೊಡೆಸಂದಿಯಿಂದ ಮಾದರಿ ತೆಗೆದಿದ್ದೆ. ಗಾಯ ಮಾಗಿದ್ದರೂ ಬ್ಯಾಕ್ಟೀರಿಯಾ ಇನ್ನೂ ಚರ್ಮದ ಮೇಲಿತ್ತು. ಇದು ಎಷ್ಟೋ ಜನರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮತ್ತೆ ಯಾವ ಆಸ್ಪತ್ರೆಗೆ ಹೋದರೂ ಮೊದಲು ಇದನ್ನು ಹೇಳಬೇಕು ಎಂದು ತಿಳಿಸಲು ಹೋದೆ. ಅವನು ಹೊರಗಿನ ಬೇವಿನ ಮರದ ಕೆಳಗೆ ಬೆಂಚಿನ ಮೇಲೆ ಕೂತಿದ್ದ. ಕಿನ್ನಾಳದ ತವರುಮನೆಯಿಂದ ಬಂದಿದ್ದ ಹೆಂಡತಿ ಅಷ್ಟು ದೂರದಲ್ಲಿ ನಿಂತಿದ್ದಳು, ಸೊಂಟದ ಮೇಲೆ ಒಂದು ಹೆಣ್ಣುಕೂಸು. ಅವನಿಗೆ ಮಗುವಿದೆ ಎಂಬುದೇ ನನಗೆ ಅಂದು ತಿಳಿದದ್ದು. ಕೂಸು ಅವನ ಕಡೆ ವಾಲುತ್ತಿತ್ತು, ಅವನು ಕೈ ಮಡಚಿಕೊಂಡು ಕೂತಿದ್ದ.

ನಾನು ಹೇಳಿದ್ದನ್ನೆಲ್ಲ ಕೇಳಿ, “ಹಂಗಾದ್ರ ನನ್ನ ಮೈಮ್ಯಾಲ ಅದು ಇನ್ನೂ ಐತಿ” ಎಂದ.

“ಐತಿ. ಆದ್ರ ಆರೋಗ್ಯ ಛಲೋ ಇದ್ದವ್ರಿಗೆ ಅದರಿಂದ ಅಂಜಿಕಿ ಇಲ್ಲ. ಸೋಪ್ ಹಚ್ಚಿ ಕೈ ತೊಳಕೊಂಡ್ರ ಸಾಕು. ಕೂಸನ್ನ ಎತ್ಕೋಬೌದು.”

“ಖರೇನ ಹೇಳ್ರಿ. ನಿಮ್ಮ ಕೂಸಾಗಿದ್ರ ನನ್ನ ಕೈಯಾಗ ಕೊಡ್ತಿದ್ರೇನು?”

ಔಷಧಕ್ಕೆ ಬಗ್ಗದ ಜೀವಿ ಒಬ್ಬಳನ್ನು ಕೊಂದದ್ದನ್ನು ನಾನು ನೋಡಿದ್ದೆ. ಪುಸ್ತಕ ಏನು ಹೇಳುತ್ತದೆ ಎಂಬುದೂ ಗೊತ್ತಿತ್ತು. ಎರಡೂ ಒಟ್ಟಿಗೆ ತಲೆಯಲ್ಲಿದ್ದವು. “ಕೊಡ್ತಿದ್ದೆ” ಎಂದೆ. ಹೇಳಿದ ಮೇಲೆ ಅದು ನಿಜವೆಂದು ನನಗೂ ಅನ್ನಿಸಿತು.

ಅವನು ಕುಂಟುತ್ತ ಅಂಗಳದ ನಲ್ಲಿಯ ಹತ್ತಿರ ಹೋದ. ಸೋಪು ಹಚ್ಚಿ ಬೆರಳ ಸಂದಿ, ಮಣಿಕಟ್ಟು ಎಲ್ಲ ಉಜ್ಜಿ ತೊಳೆದ. ಮತ್ತೆ ಸೋಪು ಹಚ್ಚಿದ, ಮತ್ತೆ ತೊಳೆದ. ಇನ್ನೊಮ್ಮೆ ಸೋಪಿಗೆ ಕೈ ಹಾಕಿದಾಗ ಹೆಂಡತಿ ಹೋಗಿ ನಲ್ಲಿ ಬಂದ್ ಮಾಡಿದಳು.

“ಸಾಕ್ರಿ” ಎಂದಳು. “ಹಿಡೀರಿ ಇನ್ನ.”